ಎತ್ತಿ ತೆಗೆಯುವ ಬಾಗಿಲು

ಬಾನೆಟ್ ಬೆಚ್ಚಗಿತ್ತು.

ಗಂಗೂಬಾಯಿ ಅದರ ಮೇಲಿಟ್ಟ ಅಂಗೈ ತೆಗೆಯಲಿಲ್ಲ. ಹಾಗೇ ಕಾಕಾಸಾಹೇಬರ ಮುಖ ನೋಡಿದಳು. ಕಾಗವಾಡದ ಅವರ ಮನೆಯಂಗಳದಲ್ಲಿ, ಬೇವಿನ ಮರದ ಕೆಳಗೆ, ಮಾರಾಟಕ್ಕೆ ನಿಂತ ಬಿಳಿ ಡೀಸೆಲ್ ಕಾರು ತೊಳೆದು ಒರೆಸಿಕೊಂಡು ಹೆಣ್ಣು ನೋಡಲು ಹೊರಟ ವರನ ಹಾಗೆ ಮಿರುಗುತ್ತಿತ್ತು.

“ಕಾಕಾಸಾಹೇಬ್ರ, ನಾ ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟೀರಿ.”

“ಇಲ್ಲ ಬಾಯಿ. ಬಿಸಲಿಗೆ ಕಾದೈತಿ.”

“ಬಿಸಲ ಗಿಡದ ಆ ಕಡೆ ಐತ್ರಿ.”

ಕಾಕಾಸಾಹೇಬರು ಬಿಳಿ ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಹಾಕಿಕೊಂಡರು. ಹದಿನೈದು ವರ್ಷ ಮದುವೆಗೆ, ಬಾಣಂತಿಗೆ, ಮಿರಜಿನ ದವಾಖಾನೆಗೆ ಬಾಡಿಗೆ ಓಡಿದ ಕಾರು ಅದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವರಿಗೆ ಅದರಲ್ಲಿ ಒಂದು ಕುಂದೂ ಕಾಣುತ್ತಿರಲಿಲ್ಲ.

“ತಣ್ಣಗಾಗಲಿ ಬಿಡ್ರಿ. ಅಲ್ಲೀಮಟ ಮೈ ನೋಡ್ತೀನಿ, ಹೊಟ್ಟಿ ಆಮ್ಯಾಲ,” ಎಂದು ಗಂಗೂಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಎಲ್ಲರ ಮುಂದೆ ಸಭ್ಯವಾಗಿಯೇ ನಡೆದುಕೊಳ್ಳುತ್ತದೆ. ಅದರ ನಿಜವಾದ ಗುಣ ಗೊತ್ತಾಗುವುದು ತಣ್ಣಗಿದ್ದಾಗ ಎಬ್ಬಿಸಿದರೆ.

ಐವತ್ತೆಂಟು ವರ್ಷದ ಈ ಹೆಂಗಸಿನ ಕೈಗೆ ಮೂವತ್ತು ವರ್ಷದ ಗ್ರೀಸು ಅಂಟಿದೆ. ಅಥಣಿಯಲ್ಲಿ ಗಂಡನ ಗ್ಯಾರೇಜು. ಅವನು ಗಾಡಿಯ ಕೆಳಗೆ, ಇವಳು ನಟ್ಟು ಬಿಗಿಯುವ ಪಾನಾ ಹಿಡಿದು ಪಕ್ಕದಲ್ಲಿ. ಅವನು ತೀರಿಕೊಂಡ ಮೇಲೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ತನಕ ಹಳೆಯ ಗಾಡಿ ಕೊಳ್ಳುವವರು ಮೊದಲು ಇವಳಿಗೆ ತೋರಿಸಿಯೇ ಮುಂದಿನ ಮಾತು ಆಡುತ್ತಾರೆ.

ಹದಿನಾಲ್ಕು ತಿಂಗಳಿಂದ ಅವಳು ನೋಡುವ ಪ್ರತಿ ಗಾಡಿಯಲ್ಲೂ ಇನ್ನೊಂದು ಗಾಡಿಯನ್ನು ಹುಡುಕುತ್ತಿದ್ದಳು. ಮಂಜು ಮುಸುಕಿದ ಒಂದು ಮುಂಜಾನೆ ಮಂಗಸೂಳಿ ರಸ್ತೆಯಲ್ಲಿ ಕುರಿಗಾರ ಭರಮುವನ್ನು ಕೆಡವಿ, ಮಿರಜಿನ ದವಾಖಾನೆಯ ಬಾಗಿಲ ತನಕ ಹೊತ್ತೊಯ್ದು, ಅಲ್ಲಿ ಇಳಿಸಿ ಮಾಯವಾದ ಗಾಡಿ. ಡಾಕ್ಟರು ಬರುವಷ್ಟರಲ್ಲಿ ಭರಮುವಿನ ಜೀವ ಹೋಗಿತ್ತು. ಆದರೆ ಅವನ ಮುರಿದ ಕಾಲಿಗೆ ಯಾರೋ ಹಸಿರು ವೇಲಿನಿಂದ ಪಟ್ಟಿ ಕಟ್ಟಿದ್ದರು. ಡಾಕ್ಟರೇ ತಲೆದೂಗಿದಂಥ ಪಟ್ಟಿ.

ಅವನ ಹೆಂಡತಿ ಸತ್ತೆವ್ವ ಪೊಲೀಸರನ್ನು ಬಿಟ್ಟು ಗಂಗೂಬಾಯಿಯ ಬಾಗಿಲಿಗೆ ಬಂದಿದ್ದಳು.

“ಊರ ಹಳೇ ಗಾಡಿ ಎಲ್ಲಾ ನಿನ್ನ ಕೈಯಾಗ ಹಾದು ಹೋಗ್ತಾವಲ್ಲ ಯವ್ವಾ. ಅದೂ ಒಂದ ದಿನ ಬರತೈತಿ. ನನಗ ಯಾರನ್ನೂ ಜೇಲಿಗೆ ಹಾಕೂದ ಬ್ಯಾಡ. ನನ್ನ ಗಂಡ ಕಡೀಕ ಏನ ಮಾತಾಡಿದಾ, ಅಷ್ಟ ಬೇಕ. ಮೂವತ್ತ ವರ್ಷ ಅವನ ಮಾತ ಕೇಳೇನಿ. ಕಡೀ ಮಾತ ಮತ್ತೊಬ್ಬರ ಕಿವಿಗೆ ಬಿತ್ತಲ್ಲ.”

ಆ ಮಾತು ಕೇಳಿದ ದಿನ ಗಂಗೂಬಾಯಿ ಊಟ ಮಾಡಿರಲಿಲ್ಲ. ಅವಳ ಗಂಡನೂ ಏನೂ ಹೇಳದೆ ಹೋಗಿದ್ದ.

ರಸ್ತೆಯ ಮೇಲೆ ಒಡೆದ ಎಡಗಡೆ ದೀಪದ ಚೂರು ಬಿದ್ದಿದ್ದವು. ಕಿವಿಯಾರೆ ಕೇಳಿದ ಸಾಕ್ಷಿ ಒಬ್ಬನೇ. ಹತ್ತಿರದ ಕಬ್ಬಿನ ಹೊಲಕ್ಕೆ ನೀರು ಹಾಯಿಸುತ್ತಿದ್ದ ಲಗಮಪ್ಪ. ಹಾರ್ನ್ ಕೇಳಲಿಲ್ಲ, ಬ್ರೇಕಿನ ಸದ್ದು ತಡವಾಗಿ ಕೇಳಿತು ಎಂದಿದ್ದ. “ಭರಮೂನ ಕೂಗ ಮಾತ್ರ ಕೇಳಿದ್ನಿ ನೋಡವಾ, ಕುರಿಗೆ ಕೂಗೂದು. ಎರಡ ಸಲ. ಒಂದ ಹತ್ರದಿಂದ, ಒಂದ ದೂರಿಂದ.” ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ನಿಂತು ಕೂಗುವುದು ಹೇಗೆ? ಲಗಮಪ್ಪನಿಗೆ ವಯಸ್ಸಾಗಿದೆ ಎಂದು ಎಲ್ಲರೂ ಆ ಮಾತನ್ನು ಬಿಟ್ಟುಬಿಟ್ಟರು. ಗಂಗೂಬಾಯಿ ಬಿಟ್ಟಿರಲಿಲ್ಲ, ಆದರೆ ಬಿಡಿಸಲೂ ಆಗಿರಲಿಲ್ಲ.

ಈಗ ಅವಳು ಬೆರಳ ಗೆಣ್ಣಿನಿಂದ ಕಾರಿನ ಮೈ ತಟ್ಟುತ್ತ ಒಂದು ಸುತ್ತು ಬಂದಳು. ಬಲಗಡೆ ಟಣ್ ಟಣ್. ಹಿಂದೆ ಟಣ್. ಎಡಗಡೆ ಮುಂದಿನ ಚಕ್ರದ ಮೇಲೆ ಬಂದಾಗ, ಧಪ್.

ಮತ್ತೆ ತಟ್ಟಿದಳು. ಧಪ್.

ಚೀಲದಿಂದ ಬಟ್ಟೆ ಸುತ್ತಿದ ಆಯಸ್ಕಾಂತದ ತುಂಡು ತೆಗೆದು ಅಲ್ಲಿ ಹಚ್ಚಿದಳು. ಅದು ಹಿಡಿಯದೆ ಜಾರಿ ಅಂಗೈಗೆ ಬಿತ್ತು. ಕೆಳಗೆ ತಗಡಿಗಿಂತ ತಗ್ಗು ಮುಚ್ಚಲು ಮೆತ್ತುವ ಪುಟ್ಟಿಯೇ ಹೆಚ್ಚಿತ್ತು. ಮೇಲೆ ತಳಕು, ಒಳಗೆ ಹುಳುಕು. ಮುಂದಿನ ಎರಡು ದೀಪಗಳನ್ನೂ ನೋಡಿದಳು. ಬಲದ ಗಾಜು ಹಳದಿಗಟ್ಟಿ ಮಬ್ಬಾಗಿದೆ, ಎಡದ್ದು ನೀರಿನ ಹಾಗೆ ತಿಳಿಯಾಗಿದೆ.

“ಒಂದ ಕಣ್ಣಿಗೆ ಮೋತಿಬಿಂದಿನ ಪೊರಿ, ಇನ್ನೊಂದಕ್ಕ ಆಪರೇಷನ್ ಆಗೈತಿ. ಏನಾಗಿತ್ರಿ ಇದಕ್ಕ?”

“ಡ್ರೈವರ ಹೊಲದ ಕಲ್ಲಿಗೆ ತಾಗಸಿದ್ದಾ ಬಾಯಿ. ಸಣ್ಣದು.”

“ಯಾವಾಗ?”

“ಹ್ವಾದ ವರ್ಷದ ಥಂಡ್ಯಾಗ. ಅವತ್ತ ಗಾಡಿ ತಂದ ನಿಲ್ಲಿಸಿದಾ, ಚಾವಿ ಕೈಯಾಗ ಕೊಟ್ಟಾ, ಇನ್ನ ಸ್ಟೇರಿಂಗ ಹಿಡಿಯೂದಿಲ್ಲ ಅಂದಾ, ಹೋದಾ. ದೀಪಾ ಹಾಕಿಸಿ, ಬಣ್ಣಾ ಹೊಡಿಸಿ ನಿಲ್ಲಿಸೇನಿ. ಅಂಥಾ ನಿಯತ್ತಿನ ಡ್ರೈವರ ಮತ್ತ ಸಿಗಲಿಲ್ಲ ನೋಡ್ರಿ.”

ಗಂಗೂಬಾಯಿ ಆಯಸ್ಕಾಂತವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಹೋದ ವರ್ಷದ ಥಂಡಿ. ಎಡಗಡೆ ದೀಪ.

“ಯಾರ್ರೀ ಡ್ರೈವರ?”

“ಹೆಸರ ತಗೊಂಡ ಏನ ಮಾಡೂದೈತಿ ಮಾವಶಿ, ಗಾಡಿ ನೋಡ್ರಿ ನೀವ,” ಎಂಬ ದನಿ ಹಿಂದಿನಿಂದ ಬಂತು.

ಗಂಗೂಬಾಯಿಯನ್ನು ಚಿಕ್ಕಮ್ಮನ ಲೆಕ್ಕದಲ್ಲಿ ಮಾವಶಿ ಎಂದವಳು ಕೊಳ್ಳಲು ಬಂದ ನೀಲಮ. ಅನಂತಪುರದ ಆರೋಗ್ಯ ಕೇಂದ್ರದಲ್ಲಿ ನರ್ಸು, ವಯಸ್ಸು ಇಪ್ಪತ್ತಾರು. ಎರಡು ದಿನದ ಕೆಳಗೆ ತಾನಾಗಿ ಅಥಣಿಗೆ ಬಂದು, ಗಾಡಿ ನೋಡಿಕೊಡಿ ಎಂದು ಗಂಗೂಬಾಯಿಯನ್ನು ಕೇಳಿಕೊಂಡಿದ್ದಳು. ಡ್ಯೂಟಿಗೆ ಹೋಗಿಬರಲು ಒಬ್ಬಳೇ ಹುಡುಗಿಗೆ ಏಳು ಜನ ಕೂಡುವ ಹಳೆಯ ಡೀಸೆಲ್ ಗಾಡಿ ಯಾಕೆ ಎಂದು ಗಂಗೂಬಾಯಿಗೆ ಆಗಲೇ ಅನ್ನಿಸಿತ್ತು. ಕೇಳಿರಲಿಲ್ಲ. ಕೊಳ್ಳುವವರ ಆಸೆ ಅವರವರಿಗೆ.

ಗಂಗೂಬಾಯಿ ಡ್ರೈವರನ ಸೀಟಿಗೆ ಹತ್ತಿದಳು. ಮೀಟರಿನಲ್ಲಿ ಎಂಬತ್ತೆರಡು ಸಾವಿರ ಕಿಲೋಮೀಟರು. ಬಗ್ಗಿ ಕ್ಲಚ್ ಪೆಡಲಿನ ರಬ್ಬರು ಮುಟ್ಟಿದಳು. ಅದರ ಗೆರೆಗಳೆಲ್ಲ ಸವೆದು ಹೊಳೆಹಾದಿಯ ಕಲ್ಲಿನಂತೆ ನುಣುಪಾಗಿತ್ತು. ಗೇರಿನ ಗುಂಡಿನ ಮೇಲಿನ ಅಂಕಿಗಳು ಅಳಿಸಿಹೋಗಿದ್ದವು.

“ಮೀಟರ ಎಂಬತ್ತ ಸಾವಿರ ಅಂತೈತಿ. ಪೆಡಲ ಮೂರ ಲಕ್ಷ ಅಂತೈತಿ. ನಾ ಯಾರ ಮಾತ ಕೇಳ್ಲಿ ಕಾಕಾಸಾಹೇಬ್ರ?”

“ಪೆಡಲಿನ ಮಾತ ಕೇಳ್ರಿ ಅತ್ಲಾಗ,” ಎಂದು ಕಾಕಾಸಾಹೇಬರು ನಕ್ಕುಬಿಟ್ಟರು. ಕೆಟ್ಟ ಮನುಷ್ಯ ಅಲ್ಲ. ಸುಳ್ಳು ಹೇಳಿ ಜೀರ್ಣಿಸಿಕೊಳ್ಳುವ ಹೊಟ್ಟೆ ಅವರಿಗೆ ಇರಲಿಲ್ಲ.

“ಕೇಳ್ದೇನವಾ ನೀಲಮ? ಮೂರ ಲಕ್ಷ ಓಡೈತಿ. ಮೈಯಾಗ ಪುಟ್ಟಿ ಐತಿ. ನನ್ನ ಕೇಳಿದ್ರ ಬ್ಯಾಡ ಅಂತೀನಿ.”

“ಇರ್ಲಿ ಮಾವಶಿ. ತಗೋತೀನಿ.”

ಎಂಜಿನ್ ಇನ್ನೂ ಚಾಲೂ ಆಗಿಲ್ಲ, ಹೊಗೆ ಬಿಳಿಯೋ ಕರಿಯೋ ನೋಡಿಲ್ಲ, ಹುಡುಗಿ ಆಗಲೇ ತಗೋತೀನಿ ಅಂದಳು. ಮೂವತ್ತು ವರ್ಷದಲ್ಲಿ ಕುಂದು ಹೇಳಿದ ಮೇಲೆ ಬೆಲೆ ಇಳಿಸದ ಗಿರಾಕಿಯನ್ನು ಗಂಗೂಬಾಯಿ ನೋಡಿದ್ದು ಅದೇ ಮೊದಲು.

ಹಿಂದಿನ ಎಡಬಾಗಿಲು ತೆಗೆಯಲು ಹೋದಳು. ಬರಲಿಲ್ಲ. ಹಿಡಿಕೆ ಎಳೆದಳು, ಜಗ್ಗಿದಳು, ಗುದ್ದಿದಳು.

“ಅದನ್ನ ಬಿಡ್ರಿ. ಅದು ನನ್ನ ಮಾತೂ ಕೇಳೂದಿಲ್ಲ. ಡ್ರೈವರ ಒಬ್ಬಗ ಬಗ್ಗತಿತ್ತ,” ಎನ್ನುತ್ತ ಕಾಕಾಸಾಹೇಬರು ಚಹಾಕ್ಕೆ ಹೇಳಲು ಒಳಗೆ ಹೋದರು.

ಗಂಗೂಬಾಯಿ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ಕಾರಿನ ಕೆಳಗೆ ಸರಿದಳು. ಟಾರ್ಚಿನ ಬೆಳಕಲ್ಲಿ ತುಕ್ಕು ಎಷ್ಟು ತಿಂದಿದೆ, ಎಣ್ಣೆ ಎಲ್ಲಿ ಜಿನುಗುತ್ತಿದೆ ಎಂದು ನೋಡುತ್ತ ಹೇಳಿದಳು: “ನೀಲಮ, ನನ್ನ ಚೀಲಾ ಮಣ್ಣಾಗ ಬಿದ್ದೈತಿ. ಒಳಗ ಸೀಟಿನ ಮ್ಯಾಲ ಇಡವಾ.”

ಕೆಳಗಿನಿಂದ ಅವಳಿಗೆ ಕಂಡದ್ದು ನೀಲಮಳ ಎರಡು ಪಾದ ಮಾತ್ರ. ಕಪ್ಪು ಚಪ್ಪಲಿ. ಅವು ಮುಂದಿನ ಬಾಗಿಲು ದಾಟಿ ಹಿಂದಿನ ಎಡಬಾಗಿಲಿನ ಮುಂದೆ ನಿಂತವು. ಎಡಪಾದ ನೆಲಕ್ಕೆ ಊರಿತು. ಬಲಹಿಮ್ಮಡಿ ಮೇಲೆದ್ದಿತು. ಬಾಗಿಲು ಒಂದು ಬೆರಳಷ್ಟು ಮೇಲೆ ಎತ್ತಿದ ಸದ್ದು, ಕೆಳಗೆ ಮೊಳಕಾಲಿನ ಒಂದು ಸಣ್ಣ ಗುದ್ದು. ಕಟಕ್.

ಬಾಗಿಲು ತೆರೆಯಿತು. ಮೊದಲನೇ ಸಲಕ್ಕೇ.

ಚೀಲ ಸೀಟಿನ ಮೇಲೆ ಬಿತ್ತು. ಆಮೇಲೆ ಆ ಎರಡು ಪಾದಗಳು ಅಲುಗದೆ ನಿಂತುಬಿಟ್ಟವು. ತನ್ನ ಕೈ ಏನು ಮಾಡಿತು ಎಂದು ಹುಡುಗಿಗೆ ಆಗ ಹೊಳೆದಿರಬೇಕು.

ಗಂಗೂಬಾಯಿ ಕೆಳಗೆ ಮಲಗಿದಲ್ಲೇ ಟಾರ್ಚು ಆರಿಸಿದಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಮೊದಲು ಬಂದದ್ದು ಹೆದರಿಕೆ. ಆ ಹುಡುಗಿಯ ಪಾದ ನೋಡಿ ಅವಳಿಗೆ ತನ್ನ ಮಗಳ ಪಾದ ನೆನಪಾಗಿತ್ತು.

ಮೈ ಕೊಡವಿಕೊಂಡು ಎದ್ದವಳು ಏನೂ ಕಾಣದವಳಂತೆ ಹಿಂದಿನ ಸೀಟಿನ ಅಡಿಹಲಗೆ ಎತ್ತಿದಳು. ಈ ಸೀಮೆಯಲ್ಲಿ ಹಳೆಯ ಗಾಡಿ ಕೊಳ್ಳುವವರು ಸೀಟು ಎತ್ತಿ ನೋಡಲೇಬೇಕು. ಕೃಷ್ಣೆಯ ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಎಷ್ಟು ತೊಳೆದರೂ ಅಲ್ಲಿ ಹೊಳೆಯ ಮೆಕ್ಕಲು ಉಳಿದಿರುತ್ತದೆ.

ಮೆಕ್ಕಲು ಇರಲಿಲ್ಲ. ಭಂಡಾರ ಇತ್ತು. ಅರಿಶಿನದ ಪುಡಿ ಸಂದುಸಂದಿನಲ್ಲಿ ಕೂತಿತ್ತು. ಅದರಲ್ಲಿ ಹೊಸದೇನಿಲ್ಲ, ಮಂಗಸೂಳಿಯ ಮಲ್ಲಯ್ಯನಿಗೆ ಹೋಗಿಬಂದ ಯಾವ ಗಾಡಿಯಲ್ಲಿ ಭಂಡಾರ ಇಲ್ಲ? ಒಂದು ಕುಚ್ಚು ಕರಿ ಉಣ್ಣೆಯೂ ಇತ್ತು. ಅದೂ ಇರಲಿ.

ಆದರೆ ಸೀಟಿನ ಕಬ್ಬಿಣದ ಹಳಿಯ ಹಿಂದೆ, ಸಂದಿಯಲ್ಲಿ ಸಿಕ್ಕಿಕೊಂಡು, ಒಂದು ಗೇಣಿನ ಕಡ್ಡಿ. ಎರಡು ಬೆರಳು ತೂರಿಸಿ ಎಳೆದಳು. ಕುರಿಗಾರರು ದಾರಿ ನಡೆಯುತ್ತಲೇ ಉಣ್ಣೆ ನೂಲುವ ಕದಿರು. ಅರ್ಧ ಸುತ್ತಿದ ಕರಿನೂಲು ಇನ್ನೂ ಅದರ ಮೇಲಿತ್ತು. ತುದಿಗೆ ಭಾರಕ್ಕೆಂದು ಪೋಣಿಸಿದ್ದು ಒಂದು ಹಿತ್ತಾಳೆಯ ಬಿಲ್ಲೆ.

ಬಿಲ್ಲೆಯಲ್ಲ. ಕುಂಕುಮದ ಭರಣಿಯ ಮುಚ್ಚಳ, ನಡುವೆ ತೂತು.

“ಅವನ ಕದರ ಮಾತ್ರ ಸಿಗಲಿಲ್ಲ ಗಂಗವ್ವಾ,” ಎಂದು ಸತ್ತೆವ್ವ ಎಷ್ಟು ಸಲ ಹೇಳಿಲ್ಲ! “ನಾ ಇಲ್ಲದಾಗ ನನ್ನ ಭರಣಿ ಮುಚ್ಚಳಕ್ಕ ತೂತ ಹೊಡದ ಹಾಕ್ಕೊಂಡಿದ್ದಾ. ವಾರ ಗಟ್ಲೆ ಜಗಳಾಡಿದ್ನಿ. ‘ನೀ ಹಣಿಗೆ ಹಚ್ಕೋತಿ, ನಾ ಕೈಯಾಗ ಹಿಡ್ಕೋತೀನಿ, ಏನಾತ ಈಗ’ ಅಂತಿದ್ದಾ.”

ಗಂಗೂಬಾಯಿ ಆ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. ಕಣ್ಣು ಮಂಜಾಯಿತು. ಹದಿನಾಲ್ಕು ತಿಂಗಳು ಹುಡುಕಿದ ಗಾಡಿ ಸಿಕ್ಕಿತ್ತು, ಆದರೆ ಗೆದ್ದೆ ಅನ್ನಿಸಲಿಲ್ಲ. ಕದಿರನ್ನು ಚೀಲದ ಒಳಗಿಟ್ಟು ಸೀಟು ಮುಚ್ಚಿದಳು.

ಕಾಕಾಸಾಹೇಬರು ಚಹಾದ ತಟ್ಟೆ ಹಿಡಿದು ಬಂದರು.

“ಟ್ರಾಯಲ್ ಒಂದ ಉಳದೈತ್ರಿ,” ಎಂದಳು ಗಂಗೂಬಾಯಿ. “ನಾನೂ ನೀಲಮನೂ ಒಂದ ಸುತ್ತ ಹೋಗಿ ಬರ್ತೀವಿ.”

ತಣ್ಣಗಾದ ಎಂಜಿನ್ ಮೂರನೇ ಸಲಕ್ಕೆ ಕೆಮ್ಮಿ ಎದ್ದಿತು. ಹಿಂದೆ ನೀಲಿ ಹೊಗೆ. ಎಣ್ಣೆ ಕುಡಿಯುವ ಗಾಡಿ ಎಂದು ಬೇರೆ ದಿನವಾಗಿದ್ದರೆ ಅವಳು ಕೆಳಗಿಳಿದು ಕೈ ಮುಗಿದುಬಿಡುತ್ತಿದ್ದಳು. ಇವತ್ತು ಗೇರು ಹಾಕಿದಳು.

ನಾಲ್ಕುದಾರಿ ಕೂಡುವಲ್ಲಿ ಅಥಣಿಯ ಕಡೆಗೆ ತಿರುಗಿಸಿದಾಗ ನೀಲಮ ಅವಳ ಮೊಳಕೈ ಹಿಡಿದಳು.

“ಆ ಕಡೆ ಬ್ಯಾಡ ಮಾವಶಿ. ಮಿರಜ ರಸ್ತಾ ಚೊಲೊ ಐತಿ.”

“ನನಗ ಮಂಗಸೂಳಿ ಹಾದ್ಯಾಗ ಕೆಲಸ ಐತವಾ.”

ಸತ್ತೆವ್ವನ ಕುರಿಗಳು ಆ ವಾರ ಆ ದಾರಿಯ ಕಬ್ಬು ಕಡಿದ ಹೊಲವೊಂದರಲ್ಲಿ ಬೀಡುಬಿಟ್ಟಿದ್ದವು. ಕದಿರು ಮೊದಲು ಅವಳ ಕೈ ಸೇರಬೇಕು, ಉಳಿದದ್ದು ಆಮೇಲೆ ಎಂದು ಗಂಗೂಬಾಯಿ ಮನಸ್ಸು ಮಾಡಿದ್ದಳು.

ಎರಡು ಕಿಲೋಮೀಟರು ದಾಟಿತು. ಎರಡೂ ಬದಿಗೆ ಕಬ್ಬು. ಎದುರಿಗೆ ಟ್ರ್ಯಾಕ್ಟರುಗಳು.

“ಈ ಗಾಡಿ ಮೊದಲ ನೋಡಿದ್ದೇನವಾ?”

“ಇಲ್ರಿ. ಇವತ್ತ ಮೊದಲು.”

“ನಾ ಗುದ್ದಿ ಗುದ್ದಿ ದಣದ್ನಿ, ಆ ಬಾಗಲಾ ಬಗ್ಗಲಿಲ್ಲ. ಮಾಲಕಗೂ ಬಗ್ಗೂದಿಲ್ಲ. ನೀ ಮ್ಯಾಲ ಎತ್ತಿದಿ, ಮೊಳಕಾಲ ಕೊಟ್ಟಿ, ತಗದಿ. ಬಾಯಿ ಇಲ್ಲ ಅಂತೈತಿ ನೀಲಮ, ಕೈಗೆ ಗೊತ್ತೈತಿ.”

ನೀಲಮ ಕಿಟಕಿಯಾಚೆ ನೋಡಿದಳು. ಗಂಗೂಬಾಯಿ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದಳು. ಚೀಲಕ್ಕೆ ಕೈ ಹಾಕಿ ಕದಿರನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

“ಹಸರ ವೇಲ ನಿಂದ. ಪಟ್ಟಿ ಕಟ್ಟಿದಾಕಿ ನೀ.”

ಹುಡುಗಿ ಹೆದರಿ ಕಿರುಚುತ್ತಾಳೆ, ಇಲ್ಲವೇ ಬಾಗಿಲು ತೆಗೆದು ಓಡುತ್ತಾಳೆ ಎಂದುಕೊಂಡಿದ್ದಳು ಗಂಗೂಬಾಯಿ. ನೀಲಮ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ದಿನದ ಹಸಿವಿಗೆ ಊಟ ಸಿಕ್ಕವರು ಅಳುತ್ತಾರಲ್ಲ, ಹಾಗೆ.

“ಸಿಕ್ತಲ್ರೀ ಮಾವಶಿ… ಕಡೀಗೂ ಸಿಕ್ತಲ್ರೀ.”

ಆಗ ಗಂಗೂಬಾಯಿಗೆ ಹೊಳೆಯಿತು. ಮುಚ್ಚಿಡಬೇಕೆಂದಿರುವವರು ಇಡೀ ಜಿಲ್ಲೆಗೆ ಗೊತ್ತಿರುವ ಗಂಗೂಬಾಯಿಯನ್ನು ಕರೆತಂದು ಸೀಟು ಎತ್ತಿಸುವುದಿಲ್ಲ.

“ನಾ ಹುಡಕಲಿ ಅಂತನ ಕರಕೊಂಡ ಬಂದಿ.”

“ಹೌದ್ರಿ. ಕದರ ಒಳಗ ಬಿದ್ದದ್ದ ನಮಗ ಗೊತ್ತಿತ್ರಿ. ಗಾಡಿ ಮಾರತಾರ ಅಂತ ಕೇಳಿದ್ನಿ. ಮತ್ತ್ಯಾರದರ ಕೈಗೆ ಹೋದ್ರ ಅದನ್ನ ತಿಪ್ಪಿಗೆ ಒಗೀತಾರ. ಅದ ಅವರ ಮನೀಗೆ ಮುಟ್ಟಬೇಕಿತ್ರಿ. ನನ್ನ ಬಾಯಿಂದ ಹೇಳಾಕ ಬರೂದಿಲ್ಲ. ಮಾತ ಕೊಟ್ಟೇನ್ರಿ. ನೀವಾಗಿ ಹುಡಕಿದ್ರ ನಾ ಮಾತ ಮುರದಂಗ ಆಗೂದಿಲ್ಲಲ್ರಿ?”

“ಯಾರಿಗೆ ಕೊಟ್ಟಿ ಮಾತ?”

“ಅವರಿಗೇ. ಸಾಯೂ ಮುಂದ.”

ಗಂಗೂಬಾಯಿ ಸ್ಟೇರಿಂಗಿನ ಮೇಲಿನ ಕೈ ತೆಗೆದು ಹುಡುಗಿಯ ತಲೆಯ ಮೇಲಿಟ್ಟಳು. “ಹೇಳವಾ. ಗಾಡಿ ಯಾರ ಹೊಡೀತಿದ್ರು?”

ನೀಲಮ ವೇಲಿನ ತುದಿಯಿಂದ ಮೂಗು ಒರೆಸಿಕೊಂಡಳು.

“ಒಬ್ಬಾಕಿ ಬಾಣಂತೀನ ರಾತ್ರಿ ಮಿರಜಕ ಮುಟ್ಟಿಸಿ ಹೊಳ್ಳಿ ಬರತಿದ್ವಿ. ಅವ ಹೊಡೀತಿದ್ದಾ, ನಾ ಬಾಜೂಕ ಕುಂತಿದ್ನಿ. ಎರಡ ವರ್ಷದಿಂದ ನಾವು… ನಮ್ಮ ಓಣಿ ಬ್ಯಾರೆ, ಅವರ ಹಟ್ಟಿ ಬ್ಯಾರೆ, ಮನ್ಯಾಗ ಯಾರಿಗೂ ಹೇಳಿದ್ದಿಲ್ಲ. ಮಂಜು ಭಾಳ ಇತ್ರಿ. ಒಮ್ಮಿಗೇ ಮುಂದ ಕುರಿ ಕಂಡ್ವು. ಬ್ಯಾರೆ ಯಾವ ಡ್ರೈವರ ಇದ್ರೂ ಹಾರ್ನ ಹೊಡೀತಿದ್ದಾ, ಕುರಿ ಚದರಿ ಹೋಗ್ತಿದ್ವು. ಇವ ಹೊಡೀಲಿಲ್ಲ. ಖಿಡಕ್ಯಾಗ ತಲಿ ಹಾಕಿ ಕುರಿಗೆ ಕೂಗಿದಾ. ಸಣ್ಣಾಂವ ಇದ್ದಾಗಿ‌ನಿಂದ ರೂಢಿ. ಬದಿಗೆ ಸರೀಲಿ ಅಂತ ಕೂಗಿದ್ರಿ ಅವ.”

“ಮತ್ತ?”

“ಅವು ಧ್ವನಿ ಗುರ್ತ ಹಿಡದ್ವು. ಅವರ ಮನೀ ಕುರಿನ ಅವು. ಸರೀಲಿಲ್ರಿ ಮಾವಶಿ. ಖುಷಿಯಿಂದ ಎಲ್ಲಾ ನಮ್ಮ ಕಡೆನ ಓಡಿ ಬಂದ್ವು. ಅವುಗಳ್ನ ಹಿಡಿಯಾಕ ಹಿಂದಿಂದ ಅವರೂ ಓಡಿ ಬಂದ್ರು.”

ಹತ್ತಿರದಿಂದ ಒಂದು ಕೂಗು, ದೂರದಿಂದ ಒಂದು ಕೂಗು. ಲಗಮಪ್ಪನ ಕಿವಿಗೆ ವಯಸ್ಸಾಗಿರಲಿಲ್ಲ. ಅಪ್ಪ ಕೂಗಿದ್ದ, ಅಪ್ಪನದೇ ಗಂಟಲು ಪಡೆದ ಮಗನೂ ಕೂಗಿದ್ದ.

“ಬೀರದೇವ,” ಎಂದಳು ಗಂಗೂಬಾಯಿ.

ನೀಲಮ ತಲೆಯಾಡಿಸಿದಳು.

ಸತ್ತೆವ್ವನ ಒಬ್ಬನೇ ಮಗ. ಹೊರಗೆಲ್ಲೋ ದುಡಿಯುತ್ತಿದ್ದವನು ಅಪ್ಪ ಹೋದ ಮೇಲೆ ಕೆಲಸ ಬಿಟ್ಟು ಬಂದು ಕುರಿ ಕಾಯುತ್ತಿದ್ದಾನೆ. ಏನು ಕೆಲಸ ಎಂದು ಗಂಗೂಬಾಯಿ ಒಂದು ದಿನವೂ ಕೇಳಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಸತ್ತೆವ್ವ ಹೋದ ತಿಂಗಳು ಹೇಳಿದ ಒಂದು ಮಾತು ಈಗ ಬಂದು ಎದೆಗೆ ನಾಟಿತು. “ನನ್ನ ಮಗಾ ಕುರಿಗೆ ಕೂಗೂದ ಬಿಟ್ಟಾನ ಗಂಗವ್ವಾ. ಬರೇ ಸೀಟಿ ಹೊಡೀತಾನ. ಅಪ್ಪನಂಗ ಕೂಗಲೇ ಅಂದ್ರ ಎದ್ದ ಹೋಗ್ತಾನ.”

“ಏನ ಹೇಳಿದ್ರವಾ ಭರಮು ಕಡೀಕ?”

“ಹಿಂದಿನ ಸೀಟಿನ್ಯಾಗ ಅವರ ತಲಿ ನನ್ನ ತೊಡೀ ಮ್ಯಾಲ ಇತ್ರಿ. ಕದರ ಕೈಯಾಗ ಹಂಗ ಇತ್ತ. ಮೊದಲ ನನ್ನ ನೋಡಿ ‘ಇಕಿ ಯಾರಲೇ’ ಅಂದ್ರು. ಅವ ‘ನನ್ನಾಕಿ ಅಪ್ಪಾ’ ಅಂದಾ. ‘ಚೊಲೊ ಅದಾಳ’ ಅಂದ್ರು.” ನೀಲಮ ತನ್ನ ಬಲ ಅಂಗೈ ಬಿಡಿಸಿ ನೋಡಿಕೊಂಡಳು. “ಆಮ್ಯಾಲ ಸೊಂಟದ ಚೀಲದಾಗಿನ ಭಂಡಾರ ತಗದ ನನ್ನ ಕೈಯಾಗ ಇಟ್ರು. ನಮ್ಮ ಮನ್ಯಾಗ ಬುದ್ಧನ ಪೂಜಿ, ಭಂಡಾರ ಮುಟ್ಟೂದಿಲ್ರಿ. ಸಾಯೂ ಮನಷ್ಯಾನ ಕೈ ಅಂತ ಮುಟ್ಟಿನ್ರಿ. ‘ಆಣಿ ಮಾಡ್ರಿ ಇಬ್ರೂ’ ಅಂದ್ರು. ‘ಗಾಡಿ ನನ್ನ ಮಗಾ ಹೊಡೀತಿದ್ದಾ ಅಂತ ಸತ್ತೆವ್ವಗ ಹೇಳಬ್ಯಾಡ್ರಿ. ಗಂಡನ್ನ ಕಳಕೊಂಡ್ರ ತಡಕೋತಾಳ. ಮಗನ್ನೂ ಕಳಕೋಬಾರ್ದ ಅಕಿ.’ ಅಷ್ಟ್ರಿ. ಮುಂದ ಮಾತಿಲ್ಲ.”

ಗಂಗೂಬಾಯಿ ಸೀಟಿಗೆ ಒರಗಿದಳು.

ಹದಿನಾಲ್ಕು ತಿಂಗಳಿಂದ ಸತ್ತೆವ್ವ ಬೇಡುತ್ತಿದ್ದ ಕೊನೆಯ ಮಾತು ಇದು. ಸತ್ತೆವ್ವನಿಗೆ ಹೇಳಬೇಡಿ ಎನ್ನುವ ಮಾತು. ಹೇಳಿದರೆ ಸತ್ತವನ ಆಸೆ ಮುರಿಯುತ್ತದೆ. ಹೇಳದಿದ್ದರೆ ಬದುಕಿರುವವಳು ದಿನಾ ಸಾಯುತ್ತಾಳೆ. ಆ ಹುಡುಗನಂತೂ ತಾಯಿಯ ಕೈಯ ರೊಟ್ಟಿ ತಿನ್ನುತ್ತ, ಬಾಯಿ ಹೊಲಿದುಕೊಂಡು ದಿನ ತಳ್ಳುತ್ತಿದ್ದಾನೆ.

“ಪೊಲೀಸರ ಕಡೆ ನಾನ ಹೋಗ್ತೀನ್ರಿ ಮಾವಶಿ,” ಎಂದಳು ನೀಲಮ. “ದವಾಖಾನಿ ಬಾಗಲದಾಗ ಬಿಟ್ಟ ಓಡಿದಾಕಿ ನಾನೂ ಹೌದಲ್ಲ. ನರ್ಸ ಆಗಿ ಓಡೇನಿ.”

“ಅದೆಲ್ಲಾ ಆಮ್ಯಾಲ. ಮೊದಲ ನೀರ ಕುಡಿ.”

ನೀರಿನ ಬಾಟಲಿಗೆ ಕೈ ಚಾಚಿದಾಗ ಗಂಗೂಬಾಯಿ ಮುಂದೆ ನೋಡಿದಳು. ಬಲಗಡೆಯ ಬೋಳು ಹೊಲದಿಂದ ಕುರಿಗಳು ರಸ್ತೆಗೆ ಇಳಿಯುತ್ತಿದ್ದವು. ಕರಿ, ಬಿಳಿ, ಕಂದು. ರಸ್ತೆ ತುಂಬಿತು. ಗಾಡಿ ತಿರುಗಿಸಲು ಜಾಗ ಉಳಿಯಲಿಲ್ಲ.

ಕುರಿಗಳ ನಡುವಿನಿಂದ ಕೈ ಬೀಸುತ್ತ ಸತ್ತೆವ್ವ ಬಂದಳು. ಬರಿ ಹಣೆ, ಹೆಗಲಿಗೆ ಕಂಬಳಿ, ಮುಖದ ತುಂಬ ನಗು.

“ಗಂಗವ್ವಾ! ನೀ ಅದೀಯೇನ! ಯಾರ ಗಾಡಿನ ಯವ್ವಾ ಇದು?”

ಅವಳ ಹಿಂದೆ, ಹಿಂಡಿನ ಕೊನೆಯಲ್ಲಿ, ಕೋಲಿಗೆ ಒರಗಿ ಒಬ್ಬ ಎತ್ತರದ ತರುಣ ನಿಂತಿದ್ದ. ಬೀರದೇವ. ಅವನು ಗಂಗೂಬಾಯಿಯನ್ನು ನೋಡಲಿಲ್ಲ, ನೀಲಮಳನ್ನೂ ನೋಡಲಿಲ್ಲ. ಕಾರನ್ನು ನೋಡುತ್ತಿದ್ದ. ಸೀಟಿ ಹೊಡೆಯಲು ಬಾಯಿಗಿಟ್ಟ ಬೆರಳು ಅಲ್ಲೇ ನಿಂತಿತ್ತು.

ಮಡಿಲಲ್ಲಿದ್ದ ಕದಿರನ್ನು ಮುಚ್ಚಿಕೊಳ್ಳಲು ಗಂಗೂಬಾಯಿಗೆ ಹೊತ್ತು ಸಿಗಲಿಲ್ಲ. ಕಿಟಕಿಗೆ ಬಗ್ಗಿದ ಸತ್ತೆವ್ವನ ನಗು ಮೆಲ್ಲಗೆ ನಿಂತಿತು. ಕೈ ಒಳಗೆ ಚಾಚಿ ಕದಿರನ್ನು ಎತ್ತಿಕೊಂಡಳು. ಹೆಬ್ಬೆರಳು ಹಿತ್ತಾಳೆಯ ಮುಚ್ಚಳದ ತೂತನ್ನು ಹುಡುಕಿತು. ಅದನ್ನು ಕಣ್ಣಿಗೊತ್ತಿಕೊಂಡಳು, ಕೆನ್ನೆಗೆ ಒತ್ತಿಕೊಂಡಳು, ಅರ್ಧ ಸುತ್ತಿದ ನೂಲನ್ನು ಮೂಸಿದಳು.

ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ಯಾರ ಗಾಡಿ ಎಂದು ಮತ್ತೆ ಕೇಳಲಿಲ್ಲ.

“ಏನಂದಿದ್ನಂತ ಯವ್ವಾ ಕಡೀಕ?”

ಗಂಗೂಬಾಯಿ ಬಾಯಿ ತೆರೆದಳು. ನೀಲಮ ಅವಳ ಸೆರಗು ಬಿಗಿಯಾಗಿ ಹಿಡಿದಿದ್ದಳು.

“ಹೇಳ ಗಂಗವ್ವಾ. ನಾ ತಡಕೋತೀನಿ. ಏನಂದಾ?”

ಆಗ ಹಿಂಡಿನ ಹಿಂದಿನಿಂದ ಒಂದು ಕೂಗು ಎದ್ದಿತು. ಸೀಟಿಯಲ್ಲ, ಕೂಗು. ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ಒಡೆದು, ಹೊಲದ ಆಚೆಗೂ ಹೋಗುವಂಥ ಉದ್ದನೆಯ ಕೂಗು. ಬೀರದೇವ ಕೋಲು ಕೈಬಿಟ್ಟು, ಎರಡೂ ತೋಳು ಇಳಿಬಿಟ್ಟು ನಿಂತು ಕೂಗುತ್ತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು.

ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಒಟ್ಟಿಗೆ ತಿರುಗಿದವು. ಸತ್ತೆವ್ವನ ಸೀರೆಗೆ ಉಜ್ಜುತ್ತ, ಕಾರಿನ ಎರಡೂ ಬದಿಯಿಂದ, ಖುಷಿಯಿಂದ ಅವನ ಕಡೆಗೆ ಓಡಿದವು.

ಸತ್ತೆವ್ವ ಬಾಗಿಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಗಂಡ ಹೋದ ಮೇಲೆ ಆ ದನಿ ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ಓಡುವ ಕುರಿಗಳನ್ನು ನೋಡಿದಳು. ಕಾರಿನ ಎಡಗಡೆಯ ಹೊಸ ದೀಪ ನೋಡಿದಳು. ಮಗನನ್ನು ನೋಡಿದಳು.

“ಎರಡ ಸಲ ಕೇಳಿದ್ನಿ ಅಂದಿದ್ನಲ್ಲ ಲಗಮಪ್ಪ,” ಎಂದಳು, ಯಾರಿಗೂ ಅಲ್ಲದಂತೆ. “ಒಂದ ಹತ್ರದಿಂದ. ಒಂದ ದೂರಿಂದ.”

ಕದಿರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವಳು ಮಗನ ಕಡೆಗೆ ನಡೆಯತೊಡಗಿದಳು.